ಕಾರ್ಖಾನೆಗಳ ಸಂಘವೂ ನಮ್ಮ ಕಬ್ಬಿನ ಫಡವೂ

(ಸಹಕಾರ ಪಾಠ)



ಯಾವುದೇ ಸಹಕಾರಿ ಸಕ್ಕರೆ ಕಾರ್ಖಾನೆಯ ವಾರ್ಷಿಕ ವರದಿಯಲ್ಲಿ ಖರ್ಚಿನ ಪಟ್ಟಿಯನ್ನು ಓದುತ್ತ ಹೋದರೆ, ಕಬ್ಬಿನ ಬಿಲ್ಲು, ಸಂಬಳ, ಬಡ್ಡಿ, ದುರಸ್ತಿ ಮುಂತಾದ ದೊಡ್ಡ ಬಾಬುಗಳ ಕೆಳಗೆ ಒಂದು ಸಣ್ಣ ಬಾಬು ಇರುತ್ತದೆ. ಅದು ಸಂಘ-ಸಂಸ್ಥೆಗಳಿಗೆ ಕೊಟ್ಟ ವಂತಿಗೆ. ಸಾಮಾನ್ಯವಾಗಿ ಅದರ ಕಡೆ ಯಾರ ಲಕ್ಷ್ಯವೂ ಹೋಗುವುದಿಲ್ಲ. ಲಕ್ಷ್ಯ ಹೋದವರು, "ಮುಂಬಯಿ, ಪುಣೆ, ದಿಲ್ಲಿಗಳಲ್ಲಿ ಕುಳಿತವರಿಗೆ ನಮ್ಮ ಕಬ್ಬಿನ ದುಡ್ಡೇಕೆ? ಅದರಿಂದ ನಮ್ಮ ಫಡಕ್ಕೆ ಬಂದದ್ದೇನು?" ಎಂದು ಕೇಳುತ್ತಾರೆ.

ಈ ಪ್ರಶ್ನೆ ನ್ಯಾಯವಾದದ್ದೇ. ಉತ್ತರವನ್ನು ಲೆಕ್ಕ ಸಹಿತ ತಿಳಿದುಕೊಳ್ಳುವುದು ಪ್ರತಿಯೊಬ್ಬ ಸಭಾಸದನ ಹಕ್ಕು. ಅದಕ್ಕಾಗಿಯೇ ಈ ಪಾಠ.

1. ಸಂಘದ ಮೇಲೆ ಸಂಘ

ಒಬ್ಬ ರೈತನಿಂದ ಕಾರ್ಖಾನೆ ಕಟ್ಟಲಾಗುವುದಿಲ್ಲ. ಆದ್ದರಿಂದ ಸಾವಿರಾರು ರೈತರು ಶೇರು ಹಾಕಿ ಕಾರ್ಖಾನೆ ಕಟ್ಟಿದರು. ಮಹಾರಾಷ್ಟ್ರದಲ್ಲಿ ಈ ಕೆಲಸ ಮೊದಲಾದದ್ದು ಅಹಮದನಗರ (ಈಗಿನ ಅಹಿಲ್ಯಾನಗರ) ಜಿಲ್ಲೆಯ ಲೋಣಿಯಲ್ಲಿ. ವಿಠ್ಠಲರಾವ್ ವಿಖೆ ಪಾಟೀಲರು ಹಳ್ಳಿ ಹಳ್ಳಿ ತಿರುಗಿ ಶೇರು ಕೂಡಿಸಿದರು. ಅರ್ಥಶಾಸ್ತ್ರಜ್ಞ ಧನಂಜಯರಾವ್ ಗಾಡಗೀಳರು ಮೊದಲ ಅಧ್ಯಕ್ಷರಾದರು. 1950-51ರ ಹಂಗಾಮಿನಲ್ಲಿ ಪ್ರವರಾ ಕಾರ್ಖಾನೆ ಕಬ್ಬು ನುರಿಸತೊಡಗಿತು. ಅದನ್ನು ನೋಡಿ ಊರೂರಲ್ಲಿ ಕಾರ್ಖಾನೆಗಳು ಎದ್ದವು.

ಆದರೆ ಒಬ್ಬ ರೈತನಿಗೆ ಹೇಗೆ ಶಕ್ತಿ ಸಾಲದೋ, ಹಾಗೆಯೇ ಕೆಲವು ಕೆಲಸಗಳಿಗೆ ಒಂದು ಕಾರ್ಖಾನೆಯ ಶಕ್ತಿಯೂ ಸಾಲದು. ಹೊಸ ತಳಿಯ ಸಂಶೋಧನೆ, ಸರಕಾರದ ಧೋರಣೆಯ ಬಗೆಗೆ ಮಾತುಕತೆ, ಕಟಾವು ಕೂಲಿಯ ಒಪ್ಪಂದ, ತಾಂತ್ರಿಕ ಸಿಬ್ಬಂದಿಯ ಶಿಕ್ಷಣ ಇವೆಲ್ಲ ಎಲ್ಲರೂ ಕೂಡಿ ಮಾಡತಕ್ಕ ಕೆಲಸಗಳು. ಅದಕ್ಕಾಗಿ ಕಾರ್ಖಾನೆಗಳು ತಮ್ಮದೇ ಸಂಘ ಕಟ್ಟಿಕೊಂಡವು. ರಾಜ್ಯಕ್ಕೆ ಮಹಾರಾಷ್ಟ್ರ ರಾಜ್ಯ ಸಹಕಾರಿ ಸಾಖರ್ ಕಾರ್ಖಾನಾ ಸಂಘ. ದೇಶಕ್ಕೆ 1960ರಲ್ಲಿ ದಿಲ್ಲಿಯಲ್ಲಿ ನೋಂದಣಿಯಾದ ಸಹಕಾರಿ ಸಕ್ಕರೆ ಕಾರ್ಖಾನೆಗಳ ರಾಷ್ಟ್ರೀಯ ಮಹಾಮಂಡಳ. ಖಾಸಗಿ ಕಾರ್ಖಾನೆದಾರರು ಇದಕ್ಕೂ ಮೊದಲೇ, 1932ರಲ್ಲಿ, ತಮ್ಮ ಭಾರತೀಯ ಸಕ್ಕರೆ ಗಿರಣಿಗಳ ಸಂಘವನ್ನು ಕಟ್ಟಿಕೊಂಡಿದ್ದರು. ಸಕ್ಕರೆ ತಂತ್ರಜ್ಞರದೂ ಒಂದು ಸಂಘ 1936ರಿಂದ ಪುಣೆಯಲ್ಲಿದೆ.

ಇಲ್ಲಿ ನೆನಪಿಡತಕ್ಕದ್ದು ಒಂದಿದೆ. ರೈತನು ಸಂಚಾಲಕರನ್ನು ಆರಿಸುತ್ತಾನೆ. ಸಂಚಾಲಕ ಮಂಡಳಿಯು ರಾಜ್ಯ ಸಂಘಕ್ಕೆ ಪ್ರತಿನಿಧಿಯನ್ನು ಕಳಿಸುತ್ತದೆ. ಹೀಗಾಗಿ ಸಂಘದಲ್ಲಿ ನೇರ ಸಭಾಸದ ಕಾರ್ಖಾನೆಯೇ ಹೊರತು ರೈತನಲ್ಲ. ಈ ಮಾತಿನ ಮಹತ್ವ ಮುಂದೆ ತಿಳಿಯುವುದು.

2. ಬೀಜ ಎಲ್ಲಿಂದ ಬಂತು?

ನಮ್ಮ ಭಾಗದ ರೈತರ ಬಾಯಲ್ಲಿ "ಶ್ಯಾಂಶೀ ಬತ್ತೀಸ್" ಎಂದೇ ಪ್ರಸಿದ್ಧವಾದ ಕೋ 86032 ತಳಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಇದು ಹುಟ್ಟಿದ್ದು 1912ರಲ್ಲಿ ಸ್ಥಾಪನೆಯಾದ ಕೊಯಿಮತ್ತೂರಿನ ಕಬ್ಬು ತಳಿ ಸಂಸ್ಥೆಯಲ್ಲಿ. ಮಹಾರಾಷ್ಟ್ರದ ಹವೆ-ನೀರಿಗೆ ಇದನ್ನು ಪರೀಕ್ಷಿಸಿ ಶಿಫಾರಸು ಮಾಡಿದ್ದು ಪಾಡೆಗಾಂವದ ಸಂಶೋಧನ ಕೇಂದ್ರ. ಇವೆರಡೂ ಸರಕಾರದ ಅಥವಾ ವಿದ್ಯಾಪೀಠದ ಕೇಂದ್ರಗಳು. ಆದರೆ ಕೇಂದ್ರದಲ್ಲಿ ಒಂದು ತಳಿ ಸಿದ್ಧವಾದ ಮಾತ್ರಕ್ಕೆ ಅದು ಅಕ್ಕಲಕೋಟೆಯ ರೈತನ ಹೊಲಕ್ಕೆ ತಾನಾಗಿ ಬರುವುದಿಲ್ಲ. ನಡುವಿನ ದಾರಿಯನ್ನು ಯಾರಾದರೂ ಕಟ್ಟಬೇಕು.

ಆ ದಾರಿ ಕಟ್ಟಲೆಂದೇ ರಾಜ್ಯದ ಸಹಕಾರಿ ಕಾರ್ಖಾನೆಗಳು ಕೂಡಿ 1975ರಲ್ಲಿ ಪುಣೆಯ ಹತ್ತಿರ ಮಾಂಜರಿಯಲ್ಲಿ ಡೆಕ್ಕನ್ ಸಕ್ಕರೆ ಸಂಸ್ಥೆಯನ್ನು ಸ್ಥಾಪಿಸಿದವು. ವಸಂತದಾದಾ ಪಾಟೀಲರು 1989ರಲ್ಲಿ ನಿಧನರಾದ ನಂತರ ಅದಕ್ಕೆ ವಸಂತದಾದಾ ಸಕ್ಕರೆ ಸಂಸ್ಥೆ ಎಂಬ ಹೆಸರು ಬಂತು. ಕಬ್ಬಿನ ತಳಿ, ಮಣ್ಣು ಪರೀಕ್ಷೆ, ಜೈವಿಕ ಗೊಬ್ಬರ, ಅಂಗಾಂಶ ಕೃಷಿಯ ಸಸಿ, ಕಾರ್ಖಾನೆಯ ಯಂತ್ರಗಳ ಬಗೆಗೆ ಸಲಹೆ, ಸಕ್ಕರೆ ಹಾಗೂ ಮದ್ಯಸಾರ ತಂತ್ರಜ್ಞಾನದ ಶಿಕ್ಷಣ ಇಷ್ಟೆಲ್ಲ ಅಲ್ಲಿ ನಡೆಯುತ್ತದೆ.

ಈಗ ಲೆಕ್ಕ ನೋಡೋಣ. ಒಂದು ಎಕರೆ ಬೀಜದ ಕಬ್ಬು ಸುಮಾರು ಹತ್ತು ಎಕರೆ ನಾಟಿಗೆ ಸಾಕಾಗುತ್ತದೆ. ಸಂಸ್ಥೆಯಿಂದ ತಂದ ಶುದ್ಧ ಮೂಲ ಬೀಜವನ್ನು ಕಾರ್ಖಾನೆಯು ಒಂದು ಎಕರೆಯಲ್ಲಿ ಬೆಳೆಸಿದರೆ ಮರುವರ್ಷ ಹತ್ತು ಎಕರೆ ತಳಹದಿ ಬೀಜ, ಅದರ ಮರುವರ್ಷ ನೂರು ಎಕರೆ ಪ್ರಮಾಣಿತ ಬೀಜ ಸಿದ್ಧವಾಗುತ್ತದೆ. ಆ ನೂರು ಎಕರೆಯಿಂದ ಸಭಾಸದರ ಸಾವಿರ ಎಕರೆ ನಾಟಿ ಆಗುತ್ತದೆ. ಇದನ್ನೇ ಮೂರು ಹಂತದ ಬೀಜೋತ್ಪಾದನೆ ಎನ್ನುವುದು. ಮೊದಲ ಹಂತದ ಬೀಜವನ್ನು ತೇವಭರಿತ ಬಿಸಿಗಾಳಿಯ ಯಂತ್ರದಲ್ಲಿ 54 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಎರಡೂವರೆ ತಾಸು ಇಡುತ್ತಾರೆ. ಹುಲ್ಲುಮೊಳಕೆ ರೋಗ ಮತ್ತು ಕುಳೆ ಕುಂಠಿತವಾಗುವ ರೋಗ ಬೀಜದಿಂದ ಹಬ್ಬದಂತೆ ಇದು ತಡೆಯುತ್ತದೆ. ಇಂಥ ಯಂತ್ರವನ್ನು ಯಾವ ರೈತನು ತನ್ನ ಮನೆಯಲ್ಲಿ ಇಟ್ಟುಕೊಳ್ಳಬಲ್ಲನು? ನೆರೆಯವನ ಫಡದಿಂದ ತಂದ ಹಳೆಯ ಬೀಜವನ್ನೇ ವರ್ಷಗಟ್ಟಲೆ ಹಚ್ಚುತ್ತ ಹೋದರೆ ಇಳುವರಿ ಇಳಿಯುವುದೂ, ಕುಳೆ ಕೆಡುವುದೂ ಅನುಭವದ ಮಾತೇ ಆಗಿದೆ. ವಂತಿಗೆಯ ಒಂದು ಪಾಲು ಹೀಗೆ ಬೀಜವಾಗಿ ಹೊಲಕ್ಕೆ ಮರಳುತ್ತದೆ. ಬೀಜ ತಂದವರಿಗೆ ಮಾತ್ರ ಮರಳುತ್ತದೆ ಎಂಬುದನ್ನೂ ಮರೆಯಬಾರದು.

3. ದಿಲ್ಲಿಯ ಬಾಗಿಲು

ಎರಡನೆಯ ಕೆಲಸ ಸರಕಾರದ ಮುಂದೆ ಅಹವಾಲು ಇಡುವುದು. ಇದರ ಉತ್ತಮ ನಿದರ್ಶನ ಆದಾಯ ತೆರಿಗೆಯ ಪ್ರಕರಣ.

ಸಹಕಾರಿ ಕಾರ್ಖಾನೆಗಳು ಸರಕಾರ ನಿಗದಿ ಮಾಡಿದ ಕನಿಷ್ಠ ದರಕ್ಕಿಂತ ಹೆಚ್ಚು ಕಬ್ಬಿನ ದರ ಕೊಡುತ್ತ ಬಂದವು. ಆದಾಯ ತೆರಿಗೆ ಇಲಾಖೆಯು, ಹೆಚ್ಚು ಕೊಟ್ಟ ಭಾಗ ಕಬ್ಬಿನ ಬೆಲೆಯಲ್ಲ, ಸಭಾಸದರಿಗೆ ಹಂಚಿದ ಲಾಭ ಎಂದು ಎಣಿಸಿ ತೆರಿಗೆ ಕೇಳಿತು. ಸುಮ್ಮನೆ ಲೆಕ್ಕಕ್ಕಾಗಿ, ಒಂದು ಕಾರ್ಖಾನೆ 5 ಲಕ್ಷ ಟನ್ ಕಬ್ಬಿಗೆ ಟನ್ನಿಗೆ 200 ರೂಪಾಯಿ ಹೆಚ್ಚು ಕೊಟ್ಟಿತೆನ್ನಿ. ಅದು 10 ಕೋಟಿ ರೂಪಾಯಿ. ಆ ಹಣ ಆಗಲೇ ರೈತರ ಕೈಸೇರಿ ಖರ್ಚಾಗಿದೆ. ಅದನ್ನು ಲಾಭವೆಂದು ಹಿಡಿದು ಶೇಕಡಾ 30 ತೆರಿಗೆ ಹಾಕಿದರೆ 3 ಕೋಟಿ ಬಾಕಿ ನಿಲ್ಲುತ್ತದೆ. ಇಂಥ ಬಾಕಿಗಳು ವರ್ಷದಿಂದ ವರ್ಷಕ್ಕೆ ಬೆಳೆದು, ಅನೇಕ ಕಾರ್ಖಾನೆಗಳ ತಲೆಯ ಮೇಲೆ ಕತ್ತಿಯಂತೆ ತೂಗಿದವು.

ಒಂದೊಂದೇ ಕಾರ್ಖಾನೆ ನ್ಯಾಯಾಲಯ ಹತ್ತಿ ಇಳಿದರೆ ಇದು ತೀರುವಂತಿರಲಿಲ್ಲ, ಕಾಯ್ದೆಯೇ ಬದಲಾಗಬೇಕಿತ್ತು. ರಾಜ್ಯ ಸಂಘ ಮತ್ತು ರಾಷ್ಟ್ರೀಯ ಮಹಾಮಂಡಳ ಈ ಬೇಡಿಕೆಯನ್ನು ಬಹುಕಾಲ ಹಿಡಿದು ನಿಂತವು. 2015ರ ಹಣಕಾಸು ಕಾಯ್ದೆಯು, ಸರಕಾರ ನಿಶ್ಚಯಿಸಿದ ಅಥವಾ ಒಪ್ಪಿದ ದರದವರೆಗಿನ ಕಬ್ಬಿನ ಬೆಲೆಯನ್ನು 2016-17ರ ಕರನಿರ್ಧಾರ ವರ್ಷದಿಂದ ಖರ್ಚೆಂದು ಒಪ್ಪಿತು. ಉಳಿದಿದ್ದ ಹಳೆಯ ವರ್ಷಗಳ ಪಾವತಿಗೂ 2023ರ ಫೆಬ್ರುವರಿ 1ರ ಮುಂಗಡಪತ್ರದಲ್ಲಿ ಅದೇ ಸವಲತ್ತು ಘೋಷಣೆಯಾಯಿತು. ಇದರಿಂದ ಸಹಕಾರಿ ಕಾರ್ಖಾನೆಗಳಿಗೆ ಸುಮಾರು 10,000 ಕೋಟಿ ರೂಪಾಯಿಯ ಪರಿಹಾರ ದೊರೆಯುವುದೆಂದು ಹಣಕಾಸು ಮಂತ್ರಿಗಳು ಹೇಳಿದರು.

ಇನ್ನೊಂದು ನಿದರ್ಶನ ಇಥೆನಾಲಿನದು. 2023ರ ಡಿಸೆಂಬರ್ 7ರಂದು ಕೇಂದ್ರ ಸರಕಾರವು ಕಬ್ಬಿನ ರಸದಿಂದ ಇಥೆನಾಲ್ ಮಾಡುವುದನ್ನು ತಡೆಯಿತು. ಸಾಲ ತೆಗೆದು ಯಂತ್ರ ಹಾಕಿದ್ದ ಕಾರ್ಖಾನೆಗಳಿಗೆ ಹಂಗಾಮಿನ ನಡುವೆಯೇ ದೊಡ್ಡ ಪೆಟ್ಟು ಬಿತ್ತು. ಸಹಕಾರಿ ಮತ್ತು ಖಾಸಗಿ ಎರಡೂ ಕಡೆಯ ಸಂಘಗಳು ಕೂಡಲೇ ಅಹವಾಲು ಸಲ್ಲಿಸಿದವು. ಸುಮಾರು ಒಂದು ವಾರದಲ್ಲಿಯೇ, 17 ಲಕ್ಷ ಟನ್ ಸಕ್ಕರೆಯ ಮಿತಿಯೊಳಗೆ ರಸ ಹಾಗೂ ಬಿ-ಹೆವಿ ಕಾಕಂಬಿಯನ್ನು ಬಳಸಲು ಅನುಮತಿ ಬಂತು. ಪೂರ್ತಿ ನಿರ್ಬಂಧ ತೆಗೆದದ್ದು 2024ರ ಆಗಸ್ಟಿನಲ್ಲಿ. ಸಂಘ ಕೇಳಿದ್ದೆಲ್ಲ ಕೂಡಲೇ ಸಿಗುವುದಿಲ್ಲ. ಆದರೆ ಕೇಳುವವರೇ ಇಲ್ಲದಿದ್ದರೆ ಏನೂ ಸಿಗುವುದಿಲ್ಲ.

4. ಕಟಾವಿನ ಟೋಳಿ

ಕಬ್ಬು ಎಷ್ಟು ಚೆನ್ನಾಗಿ ಬೆಳೆದರೂ ಕಡಿಯುವ ಕೈ ಬರದಿದ್ದರೆ ಫಡದಲ್ಲೇ ಒಣಗುತ್ತದೆ. ಪ್ರತಿ ಕಾರ್ಖಾನೆಯೂ ತನಗೆ ತೋಚಿದ ಕೂಲಿ ಕೊಡತೊಡಗಿದರೆ ಟೋಳಿಗಳು ಹಂಗಾಮಿನ ನಡುವೆ ಅತ್ತಿತ್ತ ಓಡಾಡುವವು. ಬಡ ಕಾರ್ಖಾನೆಯ ಕಬ್ಬು ನಿಂತುಬಿಡುವುದು. ಆದ್ದರಿಂದ ರಾಜ್ಯ ಸಾಖರ್ ಸಂಘವು ಎಲ್ಲ ಕಾರ್ಖಾನೆಗಳ ಪರವಾಗಿ ಕಟಾವು-ಸಾಗಾಣಿಕೆ ಕಾರ್ಮಿಕರ ಸಂಘಟನೆಗಳೊಡನೆ ಕುಳಿತು ಕೂಲಿಯ ದರ ಒಪ್ಪಂದ ಮಾಡುತ್ತದೆ. 2024ರ ಜನವರಿಯ ಒಪ್ಪಂದದಲ್ಲಿ ಕಟಾವು ಕೂಲಿ ಶೇಕಡಾ 34ರಷ್ಟು ಏರಿತು.

ಕೂಲಿ ಏರಿದರೆ ಕಬ್ಬಿನ ಬಿಲ್ಲಿನಿಂದ ಮುರಿಯುವ ಮೊತ್ತವೂ ಏರುತ್ತದೆಂದು ಕೆಲವರು ಗೊಣಗುತ್ತಾರೆ. ಆದರೆ ಕಡಿಯುವವರು ಹೊರಗಿನವರಲ್ಲ. ಬೀಡ ಜಿಲ್ಲೆಯಿಂದ ಬರುವಂತೆ ನಮ್ಮ ಜತ್ತ ತಾಲೂಕಿನ ಒಣಭೂಮಿಯಿಂದಲೂ ಸಂಸಾರ ಸಹಿತ ಜನ ಕಟಾವಿಗೆ ಹೋಗುತ್ತಾರೆ. ಒಂದೇ ಊರಿನಲ್ಲಿ ನೀರಿದ್ದ ಮನೆ ಕಬ್ಬು ಬೆಳೆದರೆ, ನೀರಿಲ್ಲದ ಮನೆ ಕಬ್ಬು ಕಡಿಯುತ್ತದೆ. ಪ್ರದೇಶದ ಏಳಿಗೆ ಎಂಬ ಮಾತಿನಲ್ಲಿ ಈ ಎರಡೂ ಮನೆಗಳು ಸೇರಬೇಕು.

5. ಸಂಘದ ಹಿತ, ರೈತನ ಹಿತ

ಇಷ್ಟು ಹೇಳಿ ನಿಲ್ಲಿಸಿದರೆ ಪಾಠ ಅರ್ಧವಾದೀತು. ಸಂಘದಲ್ಲಿ ನೇರ ಸಭಾಸದ ಕಾರ್ಖಾನೆ ಎಂದು ಮೊದಲೇ ಹೇಳಿದ್ದೇವೆ. ಬಹಳ ಸಂದರ್ಭಗಳಲ್ಲಿ ಕಾರ್ಖಾನೆಯ ಹಿತವೇ ರೈತನ ಹಿತ. ಆದರೆ ಯಾವಾಗಲೂ ಅಲ್ಲ. ಸಭಾಸದನು ಒಂದೇ ವೇಳೆಗೆ ಕಾರ್ಖಾನೆಯ ಒಡೆಯನೂ ಹೌದು, ಅದಕ್ಕೆ ಕಬ್ಬು ಮಾರುವವನೂ ಹೌದು. ಎರಡು ಜೇಬುಗಳ ನಡುವೆ ತಿಕ್ಕಾಟ ಬರುವುದುಂಟು.

1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನಗಳೊಳಗೆ ದರ ಪಾವತಿಯಾಗತಕ್ಕದ್ದು. ತಡವಾದರೆ ವರ್ಷಕ್ಕೆ ಶೇಕಡಾ 15 ಬಡ್ಡಿ. 2009ರಿಂದ ಕನಿಷ್ಠ ದರದ ಸ್ಥಾನದಲ್ಲಿ ನ್ಯಾಯೋಚಿತ ಮತ್ತು ಲಾಭದಾಯಕ ದರ, ಅಂದರೆ ಎಫ್.ಆರ್.ಪಿ., ಜಾರಿಗೆ ಬಂತು. 2022ರ ಫೆಬ್ರುವರಿಯಲ್ಲಿ ಮಹಾರಾಷ್ಟ್ರ ಸರಕಾರವು ಅದನ್ನು ಎರಡು ಹಪ್ತೆಗಳಲ್ಲಿ ಕೊಡಬಹುದೆಂದು ಆದೇಶ ಹೊರಡಿಸಿತು. ಸಕ್ಕರೆ ಮಾರಾಟವಾಗುವ ಮುಂಚೆಯೇ ಸಾಲ ತೆಗೆದು ಬಿಲ್ಲು ಕೊಡಬೇಕಾದ ಕಾರ್ಖಾನೆಗಳಿಗೆ ಇದು ಅನುಕೂಲವಾಗಿತ್ತು. ಆದರೆ ಸೊಸಾಯಿಟಿಯ ಸಾಲ, ಮಕ್ಕಳ ಫೀ, ಮುಂದಿನ ನಾಟಿಯ ಖರ್ಚು ಹೊತ್ತ ರೈತನಿಗೆ ಅನುಕೂಲವಾಗಿರಲಿಲ್ಲ. ರೈತ ಮುಖಂಡ ರಾಜು ಶೆಟ್ಟಿಯವರು ನ್ಯಾಯಾಲಯಕ್ಕೆ ಹೋದರು. 2025ರ ಮಾರ್ಚಿನಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ಆ ಆದೇಶವನ್ನು ರದ್ದುಪಡಿಸಿತು.

ಇದರಿಂದ ಕಲಿಯತಕ್ಕದ್ದೇನೆಂದರೆ, ಕಾರ್ಖಾನೆಗಳ ಸಂಘ ಎಷ್ಟೇ ಬಲವಾಗಿದ್ದರೂ ರೈತನ ದನಿ ಬೇರೆಯಾಗಿಯೂ ಕೇಳಿಸುತ್ತಿರಬೇಕು. ಹಾಗೆಯೇ, ಉತ್ತಮ ಆಡಳಿತವಿಲ್ಲದ ಕಾರ್ಖಾನೆಯನ್ನು ಯಾವ ಸಂಘವೂ ಉಳಿಸಲಾರದು. ನೀರಿನ ಲೆಕ್ಕವನ್ನೂ ಸಂಘ ಬದಲಿಸಲಾರದು. ಭೀಮೆಯ ನೀರಿಗೆ ಮಿತಿ ಇದೆ. ಮಳೆ ಕಡಿಮೆಯಾದ ವರ್ಷ ನುರಿಸುವ ಶಕ್ತಿ ಎಷ್ಟಿದ್ದರೂ ಕಬ್ಬೇ ಇರುವುದಿಲ್ಲ. ಕಾರ್ಖಾನೆಯ ಶಕ್ತಿ ಹೆಚ್ಚಿಸುವ ಮಾತಿನ ಜೊತೆಗೆ ಹನಿ ನೀರಾವರಿಯ ಮಾತೂ ಅಷ್ಟೇ ಗಟ್ಟಿಯಾಗಿ ನಡೆಯಬೇಕು.

6. ನಾವು ಮಾಡತಕ್ಕದ್ದು

ಗಡಿಭಾಗದ ಕನ್ನಡ ರೈತರಿಗೆ ಒಂದು ಹೆಚ್ಚಿನ ಅಡಚಣೆ ಇದೆ. ಸಂಘದ ಸುತ್ತೋಲೆ, ಸಂಸ್ಥೆಯ ತರಬೇತಿ ಹೆಚ್ಚಾಗಿ ಮರಾಠಿಯಲ್ಲಿ ಇರುತ್ತವೆ. ಪೇಟೆಯ ವ್ಯವಹಾರಕ್ಕೆ ನಮ್ಮ ಮರಾಠಿ ಸಾಕಾದೀತು. ಗೊಬ್ಬರದ ಪ್ರಮಾಣ, ರೋಗದ ಲಕ್ಷಣ ತಿಳಿಯುವಾಗ ಮನೆಮಾತಿನಲ್ಲಿ ಹೇಳಿದ್ದೇ ಮನಸ್ಸಿನಲ್ಲಿ ನಿಲ್ಲುತ್ತದೆ. ಮನೆಯ ಹೆಣ್ಣುಮಕ್ಕಳ ವಿಷಯದಲ್ಲಂತೂ ಈ ಮಾತು ಇನ್ನೂ ನಿಜ. ಆದಕಾರಣ ಈ ಕೆಳಗಿನ ನಾಲ್ಕು ಸಂಗತಿಗಳನ್ನು ಸೂಚಿಸುತ್ತೇವೆ.

(ಅ) ವಾರ್ಷಿಕ ಸರ್ವಸಾಧಾರಣ ಸಭೆಗೆ ಬರುವ ಮುಂಚೆ ವರದಿಯಲ್ಲಿ ವಂತಿಗೆಯ ಬಾಬು ಓದಿರಿ. ಯಾವ ಸಂಸ್ಥೆಗೆ ಎಷ್ಟು ಕೊಟ್ಟೆವು, ಪ್ರತಿಯಾಗಿ ಯಾವ ಸೇವೆ ಪಡೆದೆವು ಎಂದು ಸಭೆಯಲ್ಲಿ ಕೇಳಿರಿ. ಕೇಳುವುದು ವಿರೋಧವಲ್ಲ.

(ಆ) ಬರುವ ನಾಟಿಗೆ ಎಷ್ಟು ಎಕರೆ ಪ್ರಮಾಣಿತ ಬೀಜ ಬೇಕೆಂದು ಗಟ್ ಕಚೇರಿಯಲ್ಲಿ ಮೊದಲೇ ಬರೆಸಿರಿ. ಬೇಡಿಕೆ ತಿಳಿಯದೆ ಬೀಜದ ಪ್ಲಾಟು ಹಾಕಲು ಬರುವುದಿಲ್ಲ.

(ಇ) ಮಾಂಜರಿಯ ಸಂಸ್ಥೆಯಲ್ಲಿ ರೈತರಿಗಾಗಿ ಜ್ಞಾನಯಾಗ, ರೈತ ಮಹಿಳೆಯರಿಗಾಗಿ ಜ್ಞಾನಲಕ್ಷ್ಮಿ ಎಂಬ ತರಬೇತಿಗಳಿವೆ. ಹೋಗಿ ಬಂದವರು ಊರಿನ ಹತ್ತು ಮನೆಗಳಿಗೆ ಕನ್ನಡದಲ್ಲಿ ತಿಳಿಸಬೇಕು. ಕನ್ನಡದಲ್ಲಿಯೇ ಒಂದು ತಂಡಕ್ಕೆ ಪಾಠ ನಡೆಸಬೇಕೆಂದು ನಾವು ಸಭೆಯಲ್ಲಿ ಠರಾವು ಮಾಡಿ ಕಳಿಸಬಹುದು.

(ಈ) ಮಣ್ಣು ಪರೀಕ್ಷೆ ಮಾಡಿಸದೆ ಗೊಬ್ಬರ ಹಾಕಬೇಡಿರಿ. ಈ ಸೇವೆಯ ಖರ್ಚಿನಲ್ಲಿ ನಮ್ಮ ವಂತಿಗೆಯೂ ಸೇರಿದೆ. ಅದನ್ನು ಬಿಟ್ಟುಕೊಡುವುದು ಕೊಟ್ಟ ಹಣವನ್ನು ಕಾಲುವೆಗೆ ಹಾಕಿದಂತೆ.

ಹನಿಗೂಡಿ ಹಳ್ಳ ಎನ್ನುತ್ತಾರೆ. ಹನಿ ಕೂಡಿಸುವ ಕೆಲಸವನ್ನು ನಾವು ಚೆನ್ನಾಗಿಯೇ ಮಾಡಿದ್ದೇವೆ. ಆ ಹಳ್ಳದ ನೀರನ್ನು ನಮ್ಮ ಹೊಲದವರೆಗೆ ತಿರುಗಿಸಿಕೊಳ್ಳುವ ಕೆಲಸ ಉಳಿದಿದೆ.

ಅಭ್ಯಾಸ ಮಂಡಲಗಳಲ್ಲಿ ಚರ್ಚೆಗೆ ಪ್ರಶ್ನೆಗಳು

1. ಒಂದು ಕಾರ್ಖಾನೆ ಒಂಟಿಯಾಗಿ ಮಾಡಲಾರದ, ಸಂಘ ಮಾಡಬಲ್ಲ ಮೂರು ಕೆಲಸಗಳು ಯಾವುವು?

2. ಎರಡು ಎಕರೆ ಮೂಲ ಬೀಜದಿಂದ ಮೂರನೆಯ ವರ್ಷ ಎಷ್ಟು ಎಕರೆ ಪ್ರಮಾಣಿತ ಬೀಜ ಸಿಗುವುದು? ಅದರಿಂದ ಎಷ್ಟು ಎಕರೆ ನಾಟಿಯಾಗುವುದು?

3. ಕಾರ್ಖಾನೆಯ ಹಿತ ಮತ್ತು ಕಬ್ಬು ಬೆಳೆಗಾರನ ಹಿತ ಯಾವ ವಿಷಯಗಳಲ್ಲಿ ಬೇರೆಯಾಗುತ್ತವೆ? ಅಂಥಲ್ಲಿ ಸಭಾಸದನು ಹೇಗೆ ನಡೆದುಕೊಳ್ಳಬೇಕು?

4. ನಿಮ್ಮ ಊರಿನಿಂದ ಕಳೆದ ಮೂರು ವರ್ಷಗಳಲ್ಲಿ ತರಬೇತಿಗೆ ಹೋದವರೆಷ್ಟು? ಹೋಗದಿರಲು ಕಾರಣವೇನು?