ಅಲ್ಪಾವಧಿ ವಸತಿ: ನ್ಯಾಯವಾದ ದಿನಬಾಡಿಗೆಯನ್ನು ನಿಗದಿಪಡಿಸುವ ಬಗೆ

ಸ್ವಂತ ಮನೆಯ ಒಂದು ಕೋಣೆಯನ್ನು ಅಥವಾ ಬಳಕೆಯಲ್ಲಿಲ್ಲದ ಮನೆಯೊಂದನ್ನು ಪ್ರವಾಸಿಗರಿಗೆ ಕೆಲವೇ ದಿನಗಳ ಮಟ್ಟಿಗೆ ಬಾಡಿಗೆಗೆ ಕೊಡುವ ಪದ್ಧತಿಯು ನಮ್ಮ ನಗರಗಳಲ್ಲಿ ವ್ಯಾಪಕವಾಗಿ ಬೆಳೆದಿದೆ. ನಿವೃತ್ತ ದಂಪತಿಗಳಿಗೆ, ಗೃಹಿಣಿಯರಿಗೆ ಹಾಗೂ ಸಣ್ಣ ಉಳಿತಾಯದಿಂದ ಮನೆ ಕೊಂಡವರಿಗೆ ಇದು ಒಂದು ಉಪಾದಾಯದ ಮಾರ್ಗವಾಗಿದೆ. ಆದರೆ ದಿನವೊಂದಕ್ಕೆ ಎಷ್ಟು ಹಣ ಪಡೆಯಬೇಕೆಂಬ ಪ್ರಶ್ನೆಗೆ ಬಹುಮಂದಿ ಊಹೆಯಿಂದಲೇ ಉತ್ತರ ಕಂಡುಕೊಳ್ಳುತ್ತಾರೆ. ದರ ಅತಿ ಕಡಿಮೆಯಾದರೆ ಆತಿಥೇಯರು ತಮಗರಿವಿಲ್ಲದೆಯೇ ನಷ್ಟಕ್ಕೆ ಒಳಗಾಗುತ್ತಾರೆ. ದರ ಅತಿ ಹೆಚ್ಚಾದರೆ ಮನೆ ಖಾಲಿ ಉಳಿಯುತ್ತದೆ, ಇಲ್ಲವೇ ಬೇರೆ ದಾರಿಯಿಲ್ಲದ ಅತಿಥಿ ಅನ್ಯಾಯಕ್ಕೆ ಗುರಿಯಾಗುತ್ತಾನೆ.

ನ್ಯಾಯವಾದ ದರಕ್ಕೆ ಮೂರು ಲಕ್ಷಣಗಳಿವೆ. ಮೊದಲನೆಯದಾಗಿ, ಅದು ಆತಿಥೇಯರ ವೆಚ್ಚವನ್ನು ಭರಿಸಿ ಅವರ ಶ್ರಮಕ್ಕೆ ತಕ್ಕ ಪ್ರತಿಫಲ ನೀಡಬೇಕು. ಎರಡನೆಯದಾಗಿ, ಕೊಡಬೇಕಾದ ಪೂರ್ಣ ಮೊತ್ತವು ಅತಿಥಿಗೆ ಮೊದಲೇ ತಿಳಿದಿರಬೇಕು. ಮೂರನೆಯದಾಗಿ, ಅದು ಅತಿಥಿಯ ಅಸಹಾಯಕತೆಯನ್ನು ಆಧರಿಸಿರಬಾರದು. ಪುಣೆಯ ವಿಮಾನ ನಗರವನ್ನು ನಿದರ್ಶನವಾಗಿ ಇಟ್ಟುಕೊಂಡು ಈ ವಿಷಯವನ್ನು ಇಲ್ಲಿ ವಿವರಿಸಲಾಗಿದೆ.

ವಿಮಾನ ನಗರದ ಬೇಡಿಕೆಯ ಸ್ವರೂಪ

ಲೋಹಗಾಂವ್ ವಿಮಾನ ನಿಲ್ದಾಣದ ನೆರೆಯಲ್ಲಿ ಬೆಳೆದ ಬಡಾವಣೆ ವಿಮಾನ ನಗರ. ಈ ನಿಲ್ದಾಣವು ಭಾರತೀಯ ವಾಯುಪಡೆಯ ನೆಲೆಯೂ ಆಗಿದೆ. ಸಿಂಬಯಾಸಿಸ್ ವಿಶ್ವವಿದ್ಯಾಲಯದ ಕಾನೂನು ಮಹಾವಿದ್ಯಾಲಯ ಇದೇ ಬಡಾವಣೆಯಲ್ಲಿದೆ. ಪೂರ್ವಕ್ಕೆ ಖರಾಡಿಯ ಮಾಹಿತಿ ತಂತ್ರಜ್ಞಾನ ಕಚೇರಿಗಳಿವೆ. ಗಾಂಧೀಜಿಯವರು 1942ರಿಂದ 1944ರವರೆಗೆ ಬಂಧನದಲ್ಲಿದ್ದ ಆಗಾ ಖಾನ್ ಅರಮನೆಯೂ ನಗರ ರಸ್ತೆಯಲ್ಲಿ ಸಮೀಪದಲ್ಲಿದೆ. 2024ರ ಮಾರ್ಚ್‌ನಲ್ಲಿ ರಾಮವಾಡಿಯವರೆಗೆ ಮೆಟ್ರೋ ರೈಲು ಸಂಚಾರ ಆರಂಭವಾಯಿತು. ಅದೇ ವರ್ಷದ ಜುಲೈನಲ್ಲಿ ವಿಮಾನ ನಿಲ್ದಾಣದ ಹೊಸ ಟರ್ಮಿನಲ್ ಬಳಕೆಗೆ ಬಂದಿತು.

ಆದುದರಿಂದ ಇಲ್ಲಿಗೆ ಬರುವ ಅತಿಥಿಗಳು ಒಂದೇ ಬಗೆಯವರಲ್ಲ. ವಾರದ ದಿನಗಳಲ್ಲಿ ಕಚೇರಿ ಕೆಲಸಕ್ಕೆ ಬಂದವರು, ಪ್ರವೇಶದ ಕಾಲದಲ್ಲಿ ಮಕ್ಕಳನ್ನು ಕಾಲೇಜಿಗೆ ಸೇರಿಸಲು ಬಂದ ತಂದೆತಾಯಿಗಳು, ನಸುಕಿನ ವಿಮಾನ ಹಿಡಿಯಲು ಒಂದೇ ರಾತ್ರಿ ತಂಗುವವರು ಇರುತ್ತಾರೆ. ವಿಜಯಪುರ, ಬೆಳಗಾವಿ, ಧಾರವಾಡ ಮೊದಲಾದ ಕಡೆಗಳಿಂದ ಬರುವ ಕನ್ನಡಿಗರೂ ಇವರಲ್ಲಿ ಸೇರಿದ್ದಾರೆ.

ಬೇಡಿಕೆ ವಿಮಾನ ನಿಲ್ದಾಣವನ್ನು ಅವಲಂಬಿಸಿರುವಾಗ ಅಪಾಯವೂ ಇರುತ್ತದೆ. ಓಡುದಾರಿಯ ದುರಸ್ತಿಗಾಗಿ 2021ರ ಅಕ್ಟೋಬರ್ 16ರಿಂದ 29ರವರೆಗೆ ಪುಣೆಯ ನಿಲ್ದಾಣದಲ್ಲಿ ವಿಮಾನ ಸಂಚಾರ ಪೂರ್ಣವಾಗಿ ಸ್ಥಗಿತಗೊಂಡಿತ್ತು. ತಿಂಗಳ ಮೂವತ್ತು ದಿನವೂ ಮನೆ ತುಂಬಿರುತ್ತದೆ ಎಂದು ಲೆಕ್ಕ ಹಾಕುವುದು ಸಲ್ಲದೆಂಬುದಕ್ಕೆ ಇದೊಂದು ಉದಾಹರಣೆ.

ವೆಚ್ಚದ ಲೆಕ್ಕ

ದರ ನಿಗದಿಯ ಮೊದಲ ಹೆಜ್ಜೆಯೆಂದರೆ ತಿಂಗಳ ಸ್ಥಿರ ವೆಚ್ಚವನ್ನು ಬರೆದಿಡುವುದು. ಒಂದು ಮಲಗುವ ಕೋಣೆಯ ಮನೆಯೊಂದನ್ನು ತೆಗೆದುಕೊಳ್ಳೋಣ. ಕೆಳಗಿನ ಅಂಕಿಗಳು ಲೆಕ್ಕದ ಕ್ರಮವನ್ನು ತೋರಿಸಲು ಊಹಿಸಿಕೊಂಡವು. ಪ್ರತಿಯೊಬ್ಬರೂ ಇವುಗಳ ಸ್ಥಾನದಲ್ಲಿ ತಮ್ಮ ನಿಜವಾದ ಅಂಕಿಗಳನ್ನು ಇಟ್ಟುಕೊಳ್ಳಬೇಕು.

1. ತಿಂಗಳ ಬಾಡಿಗೆಗೆ ಕೊಟ್ಟಿದ್ದರೆ ಬರುತ್ತಿದ್ದ ಹಣ: ರೂ. 28,000
2. ಗೃಹ ಸಂಘದ ನಿರ್ವಹಣಾ ಶುಲ್ಕ: ರೂ. 3,500
3. ವಿದ್ಯುತ್, ನೀರು, ಅಡುಗೆ ಅನಿಲ, ಅಂತರಜಾಲ: ರೂ. 3,000
4. ದುರಸ್ತಿ ಹಾಗೂ ಹಾಸಿಗೆ, ಪಾತ್ರೆ ಮುಂತಾದವುಗಳ ಬದಲಾವಣೆಗೆ ಮೀಸಲು: ರೂ. 2,500
5. ಆತಿಥೇಯರ ಸ್ವಂತ ಶ್ರಮದ ಮೌಲ್ಯ: ರೂ. 5,000

ಒಟ್ಟು ರೂ. 42,000. ಮನೆ ಸ್ವಂತದ್ದಾದರೂ ಮೊದಲನೆಯ ಬಾಬನ್ನು ವೆಚ್ಚವೆಂದೇ ಪರಿಗಣಿಸಬೇಕು. ಐದನೆಯ ಬಾಬನ್ನು ಬಿಟ್ಟುಬಿಡುವುದು ಸಾಮಾನ್ಯ. ಆದರೆ ಅತಿಥಿಯನ್ನು ಬರಮಾಡಿಕೊಳ್ಳುವ, ದೂರವಾಣಿ ಕರೆಗಳಿಗೆ ಉತ್ತರಿಸುವ, ಮನೆ ಅಣಿಗೊಳಿಸುವ ಕೆಲಸ ಹೆಚ್ಚಾಗಿ ಮನೆಯ ಹೆಣ್ಣುಮಕ್ಕಳ ಪಾಲಿಗೆ ಬರುತ್ತದೆ. ಈ ಶ್ರಮಕ್ಕೂ ಬೆಲೆಯುಂಟು.

ಈ ಮೊತ್ತವನ್ನು 30ರಿಂದ ಭಾಗಿಸಿದರೆ ದಿನಕ್ಕೆ ರೂ. 1,400 ಬರುತ್ತದೆ. ನಿಜವಾಗಿ ತುಂಬುವುದು 20 ರಾತ್ರಿಗಳಾದರೆ ದಿನವೊಂದರ ವೆಚ್ಚ ರೂ. 2,100 ಆಗುತ್ತದೆ. 16 ರಾತ್ರಿಗಳು ಮಾತ್ರ ತುಂಬಿದರೆ ಅದು ರೂ. 2,625ಕ್ಕೆ ಏರುತ್ತದೆ. ಹೊಸದಾಗಿ ಆರಂಭಿಸುವವರು ರಾತ್ರಿಗಳ ಸಂಖ್ಯೆಯನ್ನು ಎಚ್ಚರಿಕೆಯಿಂದ ಅಂದಾಜು ಮಾಡಬೇಕು. ಒಂದು ವರ್ಷದ ಅನುಭವ ದೊರೆತ ಮೇಲೆ ಸ್ವಂತ ದಾಖಲೆಯನ್ನೇ ಆಧಾರವಾಗಿ ಇಟ್ಟುಕೊಳ್ಳಬಹುದು.

ಇನ್ನು ಪ್ರತಿ ಅತಿಥಿಯ ನಂತರ ಮನೆ ಶುಚಿಗೊಳಿಸಲು ಹಾಗೂ ಬಟ್ಟೆ ಒಗೆಸಲು ರೂ. 600 ಆಗುವುದೆಂದೂ ಅತಿಥಿಗಳು ಸರಾಸರಿ ಎರಡು ರಾತ್ರಿ ತಂಗುವರೆಂದೂ ಭಾವಿಸೋಣ. ಆಗ ದಿನಕ್ಕೆ ರೂ. 300 ಸೇರಿ ನಿಜವೆಚ್ಚ ರೂ. 2,400 ಆಗುತ್ತದೆ.

ಮಧ್ಯವರ್ತಿ ಶುಲ್ಕ

ಅಂತರಜಾಲದ ಮೂಲಕ ಅತಿಥಿಗಳನ್ನು ಒದಗಿಸುವ ಸಂಸ್ಥೆಗಳು ದರದ ಒಂದು ಪಾಲನ್ನು ಶುಲ್ಕವಾಗಿ ಪಡೆಯುತ್ತವೆ. ಅದು ಶೇ. 15 ಎಂದಿಟ್ಟುಕೊಳ್ಳೋಣ. ರೂ. 2,400ಕ್ಕೆ ಶೇ. 15 ಸೇರಿಸಿ ರೂ. 2,760 ಎಂದು ನಿಗದಿಪಡಿಸಿದರೆ ಸಾಕೆಂದು ತೋರಬಹುದು. ಆದರೆ ಶುಲ್ಕವನ್ನು ಕಡಿತ ಮಾಡುವುದು ಈ ರೂ. 2,760ರ ಮೇಲೆ. ಆಗ ರೂ. 414 ಹೋಗಿ ಕೈಗೆ ರೂ. 2,346 ಮಾತ್ರ ಬರುತ್ತದೆ. ಸರಿಯಾದ ಕ್ರಮವೆಂದರೆ 2,400ನ್ನು 0.85ರಿಂದ ಭಾಗಿಸುವುದು. ಹೀಗೆ ಮೂಲದರ ಸುಮಾರು ರೂ. 2,825 ಆಗುತ್ತದೆ.

ನೆರೆಹೊರೆಯ ದರದೊಡನೆ ಹೋಲಿಕೆ

ಅದೇ ಬಡಾವಣೆಯ, ಅದೇ ಅನುಕೂಲಗಳುಳ್ಳ ಐದಾರು ಮನೆಗಳ ದರವನ್ನು ಅದೇ ದಿನಾಂಕಗಳಿಗೆ ನೋಡಬೇಕು. ಅಲ್ಲಿ ದರ ಸತತವಾಗಿ ರೂ. 2,000 ಇದ್ದರೆ ಅದಕ್ಕೆ ಹೊಂದಿಕೊಳ್ಳುವ ಮುನ್ನ ಲೆಕ್ಕ ಮಾಡುವುದು ಲೇಸು. 20 ರಾತ್ರಿಗಳ ಆದಾಯ ರೂ. 40,000. ಮಧ್ಯವರ್ತಿ ಶುಲ್ಕ ರೂ. 6,000, ಶುಚಿಗೊಳಿಸುವ ವೆಚ್ಚ ರೂ. 6,000, ಮೇಲಿನ ಪಟ್ಟಿಯ 2, 3 ಮತ್ತು 4ನೆಯ ಬಾಬುಗಳು ರೂ. 9,000 ಕಳೆದರೆ ಉಳಿಯುವುದು ರೂ. 19,000. ಅದೇ ಮನೆಯನ್ನು ತಿಂಗಳ ಬಾಡಿಗೆಗೆ ಕೊಟ್ಟರೆ ನಿರ್ವಹಣಾ ಶುಲ್ಕ ಕಳೆದು ರೂ. 24,500 ಉಳಿಯುತ್ತದೆ. ಇಂತಹ ಸಂದರ್ಭದಲ್ಲಿ ತಿಂಗಳ ಬಾಡಿಗೆಯೇ ಮೇಲು.

ದಿನಕ್ಕೊಂದು ದರ

ಬೇಡಿಕೆಗೆ ಅನುಗುಣವಾಗಿ ದರದಲ್ಲಿ ವ್ಯತ್ಯಾಸ ಮಾಡುವುದು ತಪ್ಪಲ್ಲ. ಬೇಡಿಕೆ ಕಡಿಮೆಯಿರುವ 12 ರಾತ್ರಿಗಳಿಗೆ ರೂ. 2,700, ಹೆಚ್ಚಿರುವ 8 ರಾತ್ರಿಗಳಿಗೆ ರೂ. 3,025 ಎಂದಿಟ್ಟರೆ ತಿಂಗಳ ಆದಾಯ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಒಂದು ವಾರ ತಂಗುವ ಅತಿಥಿಯಿಂದ ಶುಚಿಗೊಳಿಸುವ ವೆಚ್ಚ ಒಮ್ಮೆ ಮಾತ್ರ ಬರುವುದರಿಂದ ದಿನದ ದರವನ್ನು ಸುಮಾರು ರೂ. 2,575ಕ್ಕೆ ಇಳಿಸಬಹುದು. ಈ ಉಳಿತಾಯವನ್ನು ಅತಿಥಿಗೆ ಬಿಟ್ಟುಕೊಡುವುದು ನ್ಯಾಯ.

ಉತ್ಸವಗಳ ಕಾಲದಲ್ಲಿ ಹೆಚ್ಚಿನ ಎಚ್ಚರ ಬೇಕು. ಕುಂದಗೋಳದ ಸವಾಯಿ ಗಂಧರ್ವರ ಸ್ಮರಣೆಗಾಗಿ ಅವರ ಶಿಷ್ಯ ಪಂಡಿತ ಭೀಮಸೇನ ಜೋಶಿಯವರು 1953ರಲ್ಲಿ ಆರಂಭಿಸಿದ ಸಂಗೀತ ಮಹೋತ್ಸವ ಪ್ರತಿ ಡಿಸೆಂಬರ್‌ನಲ್ಲಿ ಪುಣೆಯಲ್ಲಿ ನಡೆಯುತ್ತದೆ. ಉತ್ತರ ಕರ್ನಾಟಕದ ರಸಿಕರಿಗೂ ಇದು ಆಪ್ತವಾದುದು. ಇಂತಹ ವಾರಗಳಿಗೆ ಗರಿಷ್ಠ ಮಿತಿಯೊಂದನ್ನು ವರ್ಷಾರಂಭದಲ್ಲಿಯೇ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ಮೂಲದರದ ಒಂದೂಕಾಲು ಪಟ್ಟು ಎಂದಿಟ್ಟುಕೊಂಡರೆ ಅದು ಸುಮಾರು ರೂ. 3,530 ಆಗುತ್ತದೆ. ದರವನ್ನು ತಾನಾಗಿಯೇ ಏರಿಳಿಸುವ ಯಾಂತ್ರಿಕ ವ್ಯವಸ್ಥೆಯನ್ನು ಬಳಸುವವರು ಕನಿಷ್ಠ ಮತ್ತು ಗರಿಷ್ಠ ಮಿತಿಗಳನ್ನು ಅದರಲ್ಲಿ ತಪ್ಪದೆ ನಮೂದಿಸಬೇಕು.

ಸಂಕಟಕಾಲದ ದರ

2025ರ ಡಿಸೆಂಬರ್ ಆರಂಭದಲ್ಲಿ ದೇಶದ ಅತಿ ದೊಡ್ಡ ವಿಮಾನಯಾನ ಸಂಸ್ಥೆಯ ಸಾವಿರಾರು ಹಾರಾಟಗಳು ರದ್ದಾದವು. ಪುಣೆಯೂ ಸೇರಿದಂತೆ ಅನೇಕ ನಿಲ್ದಾಣಗಳಲ್ಲಿ ಪ್ರಯಾಣಿಕರು ಸಿಲುಕಿಕೊಂಡರು. ವಿಮಾನ ಪ್ರಯಾಣದ ದರ ವಿಪರೀತವಾಗಿ ಏರಿದಾಗ ಕೇಂದ್ರ ನಾಗರಿಕ ವಿಮಾನಯಾನ ಸಚಿವಾಲಯವು ಅದಕ್ಕೆ ತಾತ್ಕಾಲಿಕ ಗರಿಷ್ಠ ಮಿತಿ ವಿಧಿಸಿತು. ವಸತಿ ದರಕ್ಕೆ ಅಂತಹ ಮಿತಿ ಆ ಆದೇಶದಲ್ಲಿ ಇರಲಿಲ್ಲ. ಮಿತಿ ಹಾಕಿಕೊಳ್ಳುವ ಹೊಣೆ ಆತಿಥೇಯರದೇ ಆಗುತ್ತದೆ. ಹಸುಗೂಸಿನೊಡನೆ ನಡುರಾತ್ರಿ ಬಾಗಿಲಿಗೆ ಬಂದ ಕುಟುಂಬಕ್ಕಾಗಿ ಆತಿಥೇಯರು ಮಾಡುವ ವೆಚ್ಚ ಎಂದಿನ ವೆಚ್ಚಕ್ಕಿಂತ ಹೆಚ್ಚೇನೂ ಆಗಿರುವುದಿಲ್ಲ. ಆದ್ದರಿಂದ ಆ ರಾತ್ರಿಗೂ ಎಂದಿನ ದರವೇ ಅನ್ವಯಿಸಬೇಕು. ಒಮ್ಮೆ ಖಚಿತಪಡಿಸಿದ ವಸತಿಯನ್ನು ಹೆಚ್ಚು ಹಣದ ಆಸೆಯಿಂದ ರದ್ದುಪಡಿಸುವುದೂ ಸಲ್ಲದು.

ಪೂರ್ಣ ಮೊತ್ತದ ಪ್ರಕಟಣೆ

ಕಡಿಮೆ ದರವನ್ನು ತೋರಿಸಿ, ಕೊನೆಯ ಹಂತದಲ್ಲಿ ಶುಚಿತ್ವ ಶುಲ್ಕ, ಸೇವಾ ಶುಲ್ಕ ಎಂದು ಒಂದೊಂದಾಗಿ ಸೇರಿಸುವ ರೂಢಿ ಕೆಲವೆಡೆ ಇದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಗಳು ಗ್ರಾಹಕರನ್ನು ದಾರಿತಪ್ಪಿಸುವ 13 ಬಗೆಯ ತಂತ್ರಗಳನ್ನು ಗುರುತಿಸಿ ನಿಷೇಧಿಸಿವೆ. ಬೆಲೆಯನ್ನು ಹೀಗೆ ಹನಿಹನಿಯಾಗಿ ಹೊರಗೆಡಹುವುದು ಅವುಗಳಲ್ಲೊಂದು. ತೊಂದರೆಗೊಳಗಾದ ಅತಿಥಿಗಳು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ನೀಡಬಹುದು.

ತೆರಿಗೆ ಮತ್ತು ಇತರ ಕರ್ತವ್ಯಗಳು

2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ ರೂ. 7,500ರವರೆಗಿನ ವಸತಿ ದರಕ್ಕೆ ಸರಕು ಮತ್ತು ಸೇವಾ ತೆರಿಗೆ ಶೇ. 5ಕ್ಕೆ ಇಳಿದಿದೆ. ಅದಕ್ಕೂ ಮುನ್ನ ಅದು ಶೇ. 12 ಆಗಿತ್ತು. ಮಹಾರಾಷ್ಟ್ರ ಮತ್ತು ಕರ್ನಾಟಕಗಳಲ್ಲಿ ಸೇವೆಗಳ ವಾರ್ಷಿಕ ವಹಿವಾಟು ರೂ. 20 ಲಕ್ಷ ಮೀರದವರಿಗೆ ಸಾಮಾನ್ಯವಾಗಿ ನೋಂದಣಿ ಕಡ್ಡಾಯವಲ್ಲ. ಅಂತಹವರ ಮನೆಯನ್ನು ಅಂತರಜಾಲ ಸಂಸ್ಥೆಯ ಮೂಲಕ ಕಾದಿರಿಸಿದಾಗ ತೆರಿಗೆ ಪಾವತಿಸುವ ಹೊಣೆ ಆ ಸಂಸ್ಥೆಯದು. ನೋಂದಣಿ ಇಲ್ಲದವರು ಅತಿಥಿಯಿಂದ ನೇರವಾಗಿ ತೆರಿಗೆಯ ಹೆಸರಿನಲ್ಲಿ ಹಣ ಪಡೆಯುವಂತಿಲ್ಲ. ಬಂದ ಆದಾಯವನ್ನು ಆದಾಯ ತೆರಿಗೆ ವಿವರಪತ್ರದಲ್ಲಿ ತೋರಿಸಬೇಕು.

ಗೃಹ ಸಂಘದ ನಿಯಮಗಳನ್ನು ಮೊದಲೇ ತಿಳಿದುಕೊಳ್ಳಬೇಕು. ಬಾಡಿಗೆದಾರರಾಗಿದ್ದರೆ ಮಾಲೀಕರ ಲಿಖಿತ ಒಪ್ಪಿಗೆ ಪಡೆಯಬೇಕು. ವಿದೇಶೀ ಅತಿಥಿ ಬಂದ 24 ಗಂಟೆಗಳೊಳಗೆ ವಿದೇಶಿಯರ ನೋಂದಣಿ ಅಧಿಕಾರಿಗೆ ಮಾಹಿತಿ ಸಲ್ಲಿಸಬೇಕು. ತಾವು ವಾಸಿಸುವ ಮನೆಯಲ್ಲಿಯೇ ಒಂದರಿಂದ ಆರು ಕೋಣೆಗಳನ್ನು ಅತಿಥಿಗಳಿಗೆ ನೀಡುವವರು ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಗೃಹವಸತಿ ಯೋಜನೆಯಡಿ ಚಿನ್ನ ಅಥವಾ ಬೆಳ್ಳಿ ದರ್ಜೆಯ ಮಾನ್ಯತೆ ಪಡೆಯಬಹುದು.

ಉಪಸಂಹಾರ

ಆತಿಥೇಯರು ವರ್ಷಕ್ಕೆರಡು ಬಾರಿಯಾದರೂ ತಮ್ಮ ಲೆಕ್ಕವನ್ನು ಪರಿಶೀಲಿಸಿ ದರವನ್ನು ಪರಿಷ್ಕರಿಸಬೇಕು. "ಈ ದರ ಏಕೆ?" ಎಂದು ಅತಿಥಿ ಕೇಳಿದಾಗ ಲೆಕ್ಕದ ಪುಸ್ತಕವನ್ನು ತೆರೆದು ತೋರಿಸಲು ಅಳುಕಬೇಕಾಗದಿದ್ದರೆ ಆ ದರ ನ್ಯಾಯವಾದುದೆಂದು ತಿಳಿಯಬಹುದು. ಅಂತಹ ಮನೆಗೆ ಬಂದ ಅತಿಥಿ ಮುಂದಿನ ಸಲವೂ ಅಲ್ಲಿಗೇ ಬರುತ್ತಾನೆ, ತನ್ನ ಊರಿನವರಿಗೂ ಅದೇ ವಿಳಾಸವನ್ನು ಹೇಳುತ್ತಾನೆ.