ಗಿರಾಕಿ ನಮ್ಮಲ್ಲಿಗೇ ಏಕೆ ಬರಬೇಕು?

ಡೊಂಬಿವಲಿ, ಕಲ್ಯಾಣ, ಠಾಣೆಗಳ ಸ್ಟೇಷನ್ ರಸ್ತೆಗಳಲ್ಲಿ ಒಂದೇ ಸಾಲಿನಲ್ಲಿ ಹಲವು ಉಪಾಹಾರಗೃಹಗಳನ್ನು ಕಾಣುತ್ತೇವೆ. ಎಲ್ಲದರಲ್ಲಿಯೂ ಇಡ್ಲಿ, ದೋಸೆ, ಚಹಾ ದೊರೆಯುತ್ತವೆ. ಆದರೂ ಒಂದರ ಮುಂದೆ ಜನ ಕಾದು ನಿಲ್ಲುತ್ತಾರೆ. ಇನ್ನೊಂದು ವರ್ಷ ತುಂಬುವುದರೊಳಗೆ ಬಾಗಿಲು ಮುಚ್ಚುತ್ತದೆ. ಕೂಡಿಟ್ಟ ಹಣವನ್ನೆಲ್ಲ ಸುರಿದು ಹೊಸ ಉದ್ಯೋಗಕ್ಕೆ ಕೈಹಾಕುವ ನಮ್ಮ ತರುಣರು ಇದರ ಕಾರಣವನ್ನು ಮೊದಲೇ ವಿಚಾರಿಸುವುದು ಲೇಸು.

“ನಮ್ಮ ಮಾಲು ಒಳ್ಳೆಯದು, ಬೆಲೆ ಕಡಿಮೆ” ಎಂದು ಎಲ್ಲರೂ ಹೇಳುವರು. ನೆರೆಯವನು ನಾಳೆ ಬೆಲೆ ಇಳಿಸಿದರೆ ಆ ಹೆಗ್ಗಳಿಕೆ ಅಲ್ಲಿಗೇ ಮುಗಿಯಿತು. ಹಾಗಾದರೆ ಉಳಿಯುವ ಹೆಗ್ಗಳಿಕೆ ಯಾವುದು? ನಮ್ಮ ಊರ ಕಡೆಯ ಒಂದು ಬ್ಯಾಂಕಿನ ಚರಿತ್ರೆಯಿಂದ ಇದನ್ನು ತಿಳಿಯೋಣ.

1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ವಾಮನ ಶ್ರೀನಿವಾಸ ಕುಡ್ವ, ಡಾ. ಟಿ. ಎಂ. ಎ. ಪೈ ಇವರು 8,000 ರೂಪಾಯಿ ಬಂಡವಾಳದಿಂದ ಒಂದು ಬ್ಯಾಂಕನ್ನು ಸ್ಥಾಪಿಸಿದರು. ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದುದು ಅದೇ. ಕೈಮಗ್ಗದ ನೇಕಾರರು ಸಂಕಟದಲ್ಲಿದ್ದ ಕಾಲವದು. ದಿನಗೂಲಿಯಿಂದ ಬಾಳುವವನಿಗೆ ಎರಡಾಣೆ ಹಿಡಿದು ಬ್ಯಾಂಕಿಗೆ ಹೋಗಲು ಬಿಡುವೆಲ್ಲಿ? 1928ರಲ್ಲಿ ಈ ಬ್ಯಾಂಕು ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಏಜೆಂಟನು ದಿನವೂ ಮನೆಬಾಗಿಲಿಗೆ ಬಂದು ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಪಡೆದು ಜಮೆ ಮಾಡುತ್ತಿದ್ದನು.

ಬಡ್ಡಿಯನ್ನು ಬೇರೆ ಬ್ಯಾಂಕುಗಳೂ ಕೊಡುತ್ತಿದ್ದವು. ಇದು ಕೊಟ್ಟದ್ದು, ಸಂಜೆಯೊಳಗೆ ಖರ್ಚಾಗಿ ಹೋಗುವ ಹಣ ಕೈಯಲ್ಲಿ ಉಳಿಯುವ ಉಪಾಯವನ್ನು. ಬಡ್ಡಿಯ ದರವನ್ನು ಒಂದೇ ದಿನದಲ್ಲಿ ಅನುಕರಿಸಬಹುದು. ಮನೆಮನೆಯ ಪರಿಚಯವನ್ನೂ ವಿಶ್ವಾಸವನ್ನೂ ಸಂಪಾದಿಸಲು ವರ್ಷಗಳು ಬೇಕು. ಚಿಲ್ಲರೆ ಹಣವೇ ಒಟ್ಟುಗೂಡಿ ಬ್ಯಾಂಕಿಗೂ ಬಲವಾಯಿತು.

ಆದುದರಿಂದ ಯಾವ ಸಂಸ್ಥೆಯನ್ನಾದರೂ ಮೂರು ಪ್ರಶ್ನೆಗಳಿಂದ ಪರೀಕ್ಷಿಸಬಹುದು. ಯಾರ, ಯಾವ ತೊಂದರೆಯನ್ನು ಅದು ನೀಗಿಸುತ್ತದೆ? ನೆರೆಯವನು ಅದನ್ನು ಸುಲಭವಾಗಿ ಮಾಡಬಲ್ಲನೇ? ಅದಕ್ಕೆ ತಗಲುವ ವೆಚ್ಚ ಗಿಟ್ಟುತ್ತದೆಯೇ? ಬೆಳಗಿನ ಲೋಕಲ್ ಹಿಡಿಯುವವರಿಗೆ ಐದು ಗಂಟೆಗೇ ಬಿಸಿ ಇಡ್ಲಿಯ ಪೊಟ್ಟಣ ಕಟ್ಟಿಕೊಡುವ ಅಂಗಡಿ ಮೊದಲನೆಯ ಪ್ರಶ್ನೆಯಲ್ಲಿ ಗೆಲ್ಲುತ್ತದೆ. ಒಂದು ದಿನವೂ ತಪ್ಪದೆ ಮಾಡಿದರೆ ಎರಡನೆಯದರಲ್ಲಿಯೂ ಗೆದ್ದೀತು. ಮೂರನೆಯದಕ್ಕೆ ಲೆಕ್ಕದ ಪುಸ್ತಕವೇ ಉತ್ತರ ಹೇಳಬೇಕು.

ಒಂದು ಎಚ್ಚರಿಕೆಯೂ ಅಗತ್ಯ. ದಿನವಹಿ ಠೇವಣಿಯ ಕ್ರಮವನ್ನು ಕಾಲಕ್ರಮದಲ್ಲಿ ಇತರರೂ ಕೈಗೊಂಡರು. ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಒಮ್ಮೆ ಗಳಿಸಿದ ಹೆಗ್ಗಳಿಕೆಯನ್ನು ಪಿತ್ರಾರ್ಜಿತ ಆಸ್ತಿಯೆಂದು ನಂಬಿ ಕೂರಲಾಗದು.

ಅಂಗಡಿ ನಡೆಸುವ ವಾಚಕರು ಈ ವಾರ ತಮ್ಮ ಖಾಯಂ ಗಿರಾಕಿಗಳಲ್ಲಿ ಐವರನ್ನು, “ನಮ್ಮ ಅಂಗಡಿ ನಾಳೆ ಮುಚ್ಚಿದರೆ ನಿಮಗೇನು ತೊಂದರೆ?” ಎಂದು ಕೇಳಿ, ಅವರ ಮಾತುಗಳನ್ನೇ ಬರೆದಿಟ್ಟುಕೊಳ್ಳಲಿ. ಐವರೂ “ಏನೂ ಇಲ್ಲ” ಎಂದರೆ, ಬೆಲೆ ಇಳಿಸುವ ಮೊದಲು ಮಾಡಬೇಕಾದ ಕೆಲಸ ಬೇರೆಯೇ ಇದೆಯೆಂದು ತಿಳಿಯಬೇಕು.