ಮಾಲ್ಗುಡಿ ಹುಡುಕಿ ಬಂದವರ ಜೊತೆ ತಿರುಗಿ ಕಲಿತದ್ದು

ಶೃಂಗೇರಿ ಪಕ್ಕದ ಮೆಣಸೆಯಲ್ಲಿ ಜೀಪು ಇಟ್ಟುಕೊಂಡು ಬಾಡಿಗೆಗೆ ಓಡಿಸುತ್ತೇನೆ. ಶಾರದಾಂಬೆಯ ದರ್ಶನ, ಮಠದ ಊಟ ಮುಗಿಸಿದವರು ಕೇಳುವ ಮಾತು ಒಂದೇ: “ಮಾಲ್ಗುಡಿ ಇಲ್ಲೇ ಹತ್ತಿರವಂತೆ, ಹೌದಾ?” ಆರ್.ಕೆ. ನಾರಾಯಣ್ ಕಲ್ಪನೆಯ ಆ ಊರನ್ನು ಶಂಕರ್ ನಾಗ್ 1980ರ ದಶಕದಲ್ಲಿ ದೂರದರ್ಶನದ ಧಾರಾವಾಹಿಗಾಗಿ ಆಗುಂಬೆಯಲ್ಲಿ ಕಟ್ಟಿದರು. ಶೃಂಗೇರಿಯಿಂದ ಅಲ್ಲಿಗೆ 30 ಕಿ.ಮೀ.ಗೂ ಕಡಿಮೆ.

1. ಹೊರಡುವ ಹಿಂದಿನ ರಾತ್ರಿ ಎರಡು ಕಂತಾದರೂ ನೋಡಿ. ಆಗುಂಬೆ ಪೇಟೆಯಲ್ಲಿ ಇಳಿದವರು ಸರ್ ಫ್ರೆಡರಿಕ್ ಲಾಲಿಯ ಪ್ರತಿಮೆ ಎಲ್ಲಿ ಎಂದು ಹುಡುಕುತ್ತಾರೆ. ಅದು ಕಲಾ ನಿರ್ದೇಶಕ ಜಾನ್ ದೇವರಾಜ್ ಚಿತ್ರೀಕರಣಕ್ಕೆಂದು ಮಾಡಿದ್ದು, ಈಗಿಲ್ಲ. ಉಳಿದಿರುವುದು ಬೀದಿ, ಮಾಡು, ಜಗಲಿ. ಕಂತು ನೋಡಿ ಬಂದವರಿಗೆ ಅಷ್ಟೇ ಸಾಕಾಗುತ್ತದೆ.

2. ಆಗುಂಬೆಯ ದೊಡ್ಡಮನೆಗೆ ನೆಂಟರಂತೆ ಹೋಗಿ. ಧಾರಾವಾಹಿಯ ಹುಡುಗ ಸ್ವಾಮಿಯ ಮನೆಯಾಗಿ ನೀವು ಕಂಡದ್ದು ನೂರು ವರ್ಷ ದಾಟಿದ ತೊಟ್ಟಿಮನೆ. ನ್ಯೂಜಿಲೆಂಡಿನ ಮಾಟಮಾಟಾದಲ್ಲಿ ‘ಲಾರ್ಡ್ ಆಫ್ ದಿ ರಿಂಗ್ಸ್’ಗಾಗಿ ಕುರಿ ಫಾರ್ಮಿನ ಮೇಲೆ ಕಟ್ಟಿದ ಹಾಬಿಟನ್ ಇದೆಯಲ್ಲ, ಅದು ಸೆಟ್ಟು. ಅಲ್ಲಿ ಟಿಕೆಟ್ಟು ಕೊಂಡು ಒಳಗೆ ಹೋಗುತ್ತಾರೆ. ದೊಡ್ಡಮನೆಯಲ್ಲಿ ಸಂಸಾರವಿದೆ, ದೇವರ ಕೋಣೆಯಿದೆ, ಮಧ್ಯಾಹ್ನ ಮಲಗುವ ಹಿರಿಯರಿದ್ದಾರೆ. ಒಮ್ಮೆ ನಾನು ಕರೆದೊಯ್ದ ಗುಂಪಿನಲ್ಲಿ ಇಬ್ಬರು ಕೇಳದೆ ಅಡುಗೆಮನೆಯವರೆಗೂ ಹೋಗಿ ಫೋಟೊ ತೆಗೆದರು. ಮನೆಯವರು ಒಂದು ಮಾತೂ ಆಡಲಿಲ್ಲ. ನನಗೆ ಮಾತ್ರ ಕುಡಿದ ಕಷಾಯ ಗಂಟಲಲ್ಲಿ ಇಳಿಯಲಿಲ್ಲ. ಮೊದಲೇ ಹೇಳದಿದ್ದದ್ದು ನನ್ನ ತಪ್ಪು. ಈಗ ಜೀಪು ಇಳಿಯುವ ಮೊದಲೇ ಹೇಳಿಬಿಡುತ್ತೇನೆ: ಚಪ್ಪಲಿ ಅಂಗಳದಲ್ಲಿ, ಫೋಟೊ ಕೇಳಿಕೊಂಡು, ಊಟ ಬೇಕಾದರೆ ಮುಂಚೆಯೇ ಫೋನು. ಅಲ್ಲಿ ಇಷ್ಟು ಕೊಡಿ ಎಂದು ಯಾರೂ ಕೈಚಾಚುವುದಿಲ್ಲ. ಹಾಗಾಗಿಯೇ ಕೊಡುವವರು ಕೈ ಬಿಗಿ ಹಿಡಿಯಬಾರದು.

ಆ ಜಗಲಿಯಲ್ಲಿ ಐದು ನಿಮಿಷ ಸುಮ್ಮನೆ ಕೂತು ನೋಡಿ. ಗಿರೀಶ್ ಕಾರ್ನಾಡ್ ಅಪ್ಪನಾಗಿ, ಮಾಸ್ಟರ್ ಮಂಜುನಾಥ್ ಮಗನಾಗಿ ಓಡಾಡಿದ್ದು ತಾನಾಗಿ ಕಣ್ಣಿಗೆ ಬರುತ್ತದೆ. ಅದಕ್ಕೆ ಯಾವ ಗೈಡೂ ಬೇಡ.

3. ಮಳೆಯನ್ನು ಹಗುರವಾಗಿ ಎಣಿಸಬೇಡಿ. ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7,000 ಮಿ.ಮೀ. ಸುರಿಯುತ್ತದೆ. ಪುನರ್ವಸು, ಪುಷ್ಯ ಮಳೆ ಹಿಡಿದರೆ ಎದುರಿನ ಮನೆಯೂ ಕಾಣದು. ಉಂಬಳಕ್ಕೆ ಸುಣ್ಣ, ಹೊಗೆಸೊಪ್ಪು ಇಟ್ಟುಕೊಳ್ಳಿ. ಧಾರಾವಾಹಿಯ ಬಿಸಿಲು ಬೀದಿ ಬೇಕೆಂದರೆ ದೀಪಾವಳಿ ಕಳೆದ ಮೇಲೆ ಬನ್ನಿ. ನನ್ನನ್ನು ಕೇಳಿದರೆ ಮಳೆಯ ಆಗುಂಬೆಯೇ ಚಂದ.

4. ಅರಸಾಳು ಬೇರೆ ದಿನಕ್ಕಿರಲಿ. ಮಾಲ್ಗುಡಿಯ ರೈಲು ನಿಲ್ದಾಣ ಆಗುಂಬೆಯಲ್ಲಿಲ್ಲ, ಶಿವಮೊಗ್ಗ–ತಾಳಗುಪ್ಪ ಹಳಿಯಲ್ಲಿದೆ, ಹೊಸನಗರ ತಾಲ್ಲೂಕು. ಹಳೆಯ ಕಟ್ಟಡವನ್ನು ರೈಲ್ವೆಯವರು 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಮಾಡಿದರು. ಎರಡನ್ನೂ ಒಂದೇ ದಿನಕ್ಕೆ ತುರುಕಿದರೆ ಎರಡೂ ಕಡೆ ಗಡಿಯಾರವನ್ನೇ ನೋಡುತ್ತೀರಿ.

5. ‘ಕಾಂತಾರ’ದ ಜಾಗ ಕೇಳುವವರಿಗೆ ನನ್ನದೊಂದು ಶರತ್ತು. 2022ರ ಚಿತ್ರ, 2025ರ ‘ಚಾಪ್ಟರ್ 1’ ಬಂದ ಮೇಲೆ ಹುಡುಗರು ಆಗುಂಬೆ ಘಾಟಿಯ 14 ತಿರುವು ಇಳಿಸಿ ಕುಂದಾಪುರ ತಾಲ್ಲೂಕಿನ ಕೆರಾಡಿಗೆ ಕರೆದೊಯ್ಯಿ ಎನ್ನುತ್ತಾರೆ. ರಿಷಬ್ ಶೆಟ್ಟಿಯವರ ಊರು ಅದು. ಸಂತೋಷವಾಗಿ ಹೋಗುತ್ತೇನೆ. ಆದರೆ ದೈವದ ಕೂಗು, ಕುಣಿತ ಅನುಕರಿಸಿ ರೀಲ್ಸ್ ಮಾಡುವವರನ್ನು ಜೀಪಿಗೆ ಹತ್ತಿಸುವುದಿಲ್ಲ. ಚಿತ್ರತಂಡವೇ ಹಾಗೆ ಮಾಡಬೇಡಿ ಎಂದು ಕೇಳಿಕೊಂಡಿದೆ. ತೆರೆಯ ಮೇಲೆ ಕಂಡದ್ದು ಕಥೆಯಿರಬಹುದು, ಗುಡಿಯ ಮುಂದೆ ಕೈಮುಗಿಯುವವರಿಗೆ ಅದು ಮನೆದೇವರು.

6. ಹತ್ತಿರದ್ದನ್ನು ಬಿಡಬೇಡಿ. 1970ರ ‘ಸಂಸ್ಕಾರ’ದ ಚಿತ್ರೀಕರಣ ಹೆಚ್ಚಾಗಿ ನಡೆದದ್ದು ಶೃಂಗೇರಿ ಸೀಮೆಯ ವೈಕುಂಠಪುರದಲ್ಲಿ. ಆಸ್ಟ್ರೇಲಿಯಾದ ಟಾಮ್ ಕೋವನ್ ಕ್ಯಾಮೆರಾ ಹಿಡಿದಿದ್ದರು. ಕನ್ನಡಕ್ಕೆ ಮೊದಲ ಸ್ವರ್ಣಕಮಲ ತಂದ ಚಿತ್ರ. ಅಲ್ಲಿಗೆ ಕರೆದುಕೊಂಡು ಹೋಗು ಎಂದು ಕೇಳುವವರು ಅಪರೂಪ, ಅದು ನನಗೆ ಬೇಸರ. ಕೇಳಿದವರಿದ್ದರೆ ಜೀಪನ್ನು ಊರ ಹೊರಗೆ ನಿಲ್ಲಿಸುತ್ತೇನೆ, ಒಳಗೆ ನಡೆದೇ ಹೋಗುತ್ತೇವೆ.